ತವರನ್ನು ಮರೆಯದ ಕೋಶ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ನಮ್ಮಲ್ಲಿ ಒಂದು ಮಾತುಂಟು. ಮೂಲವನ್ನು ಕೆದಕಿದರೆ ಮಹಿಮೆ ಎಲ್ಲಿ ಕುಗ್ಗೀತೋ ಎಂಬ ಅಳುಕು ಆ ಮಾತಿನ ಹಿಂದೆ ಇದ್ದಿರಬಹುದು. ಋಷಿಗಳ ವಿಷಯದಲ್ಲಿ ಈ ಸಂಕೋಚ ಒಪ್ಪತಕ್ಕದ್ದೇ. ಆದರೆ ರೋಗದ ವಿಷಯದಲ್ಲಿ ಅದು ಸಲ್ಲದು. ರೋಗ ಎಲ್ಲಿ ಹುಟ್ಟಿತು, ಯಾವ ಮನೆಯಲ್ಲಿ ಬೆಳೆಯಿತು, ಯಾರ ಅನ್ನವನ್ನು ಉಂಡು ಕೊಬ್ಬಿತು ಎಂಬುದನ್ನು ತಿಳಿಯದೆ ಅದನ್ನು ಎದುರಿಸುವುದು ಕತ್ತಲೆಯಲ್ಲಿ ಕೋಲು ಬೀಸಿದಂತೆ. ಮೂತ್ರಾಂಗಗಳಿಗೆ ಬರುವ ಕ್ಯಾನ್ಸರಿನ ಮೂಲವನ್ನು ಹುಡುಕುವುದರಲ್ಲಿ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ವೈದ್ಯವಿಜ್ಞಾನಿಯ ಕಥೆಯನ್ನೂ, ಅವರು ತೆರೆದ ದಾರಿಯಲ್ಲಿ ಇಂದಿಗೂ ನಡೆಯುತ್ತಿರುವ ಶೋಧನೆಯ ಪರಿಯನ್ನೂ ಈಗ ಕೇಳುಗರ ಮುಂದಿಡಲು ಬಯಸುತ್ತೇನೆ. ಆ ವಿಜ್ಞಾನಿಯ ಹೆಸರು ಚಾರ್ಲ್ಸ್ ಬ್ರೆಂಟನ್ ಹಗಿನ್ಸ್.

ಮೊದಲು ಎರಡು ಶಬ್ದಗಳನ್ನು ಕುರಿತು ಹೇಳಬೇಕು. ಭಾಷೆಯ ಮೇಷ್ಟರಿಗೆ ಇದು ಬಿಡದ ಚಾಳಿ. ಕ್ಯಾನ್ಸರ್ ಎಂಬುದು ಲ್ಯಾಟಿನ್ನಿನಲ್ಲಿ ಏಡಿಯ ಹೆಸರು. ಅದಕ್ಕೂ ಮೊದಲು ಗ್ರೀಕ್ ವೈದ್ಯರು ಇದೇ ರೋಗವನ್ನು ಏಡಿಯ ಹೆಸರಾದ ಕಾರ್ಕಿನೋಸ್ ಎಂದು ಕರೆದಿದ್ದರು. ನಮ್ಮ ಸುಶ್ರುತ ಸಂಹಿತೆ ಗೆಡ್ಡೆಯಂತಹ ಬೆಳವಣಿಗೆಗಳನ್ನು ಅರ್ಬುದವೆಂದು ಕರೆಯಿತು. ಕನ್ನಡದಲ್ಲಿ ಅರ್ಬುದರೋಗವೆಂಬ ಮಾತು ಬಂದದ್ದು ಅಲ್ಲಿಂದ. ಎರಡನೆಯ ಶಬ್ದ ಪ್ರಾಸ್ಟೇಟ್. ಇದೂ ಗ್ರೀಕ್ ಮೂಲದ್ದೆ. ಮುಂದೆ ನಿಂತವನು ಎಂದು ಅದರ ಅರ್ಥ. ಸಂಸ್ಕೃತದಲ್ಲಿ ಪುರಃಸ್ಥ ಎಂದರೆ ಸರಿಹೋಗುತ್ತದೆ. ಗಂಡಸಿನ ಮೂತ್ರಕೋಶದ ಕುತ್ತಿಗೆಯ ಬಳಿ, ಮೂತ್ರನಾಳವನ್ನು ಸುತ್ತುವರಿದು, ಅಡಕೆಯ ಗಾತ್ರಕ್ಕಿಂತ ತುಸು ದೊಡ್ಡದಾಗಿ ಕುಳಿತಿರುವ ಗ್ರಂಥಿ ಇದು. ವೀರ್ಯದ ದ್ರವಾಂಶದಲ್ಲಿ ಒಂದು ಪಾಲನ್ನು ಒದಗಿಸುವುದು ಇದರ ಕೆಲಸ. ಯೌವನದಲ್ಲಿ ಇದೊಂದು ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ. ವಯಸ್ಸು ಮೀರಿದ ಮೇಲೆ ಇದು ಊದಿಕೊಂಡು ನಾಳವನ್ನು ಅಮುಕಿದಾಗ, ರಾತ್ರಿ ನಾಲ್ಕು ಸಲ ಎದ್ದು ಹೋಗಬೇಕಾದಾಗ, ಮುಂದೆ ನಿಂತವನ ಇರವು ಗೊತ್ತಾಗುತ್ತದೆ. ಹೀಗೆ ಊದುವುದೆಲ್ಲ ಕ್ಯಾನ್ಸರಲ್ಲ. ಬಹುಪಾಲು ನಿರಪಾಯವಾದ ಬೆಳವಣಿಗೆಯೇ. ಆದರೆ ಅದೇ ಗ್ರಂಥಿಯಲ್ಲಿ ಕೆಲವರಿಗೆ ಕ್ಯಾನ್ಸರ್ ಹುಟ್ಟುತ್ತದೆ; ಹುಟ್ಟಿ ಎಲುಬುಗಳಿಗೆ ಹಬ್ಬುತ್ತದೆ; ಹಬ್ಬಿದಾಗ ಸೊಂಟ, ಬೆನ್ನುಮೂಳೆಗಳಲ್ಲಿ ತಾಳಲಾರದ ನೋವನ್ನು ತರುತ್ತದೆ.

ಹಗಿನ್ಸ್ ಹುಟ್ಟಿದ್ದು 1901ರ ಸೆಪ್ಟೆಂಬರ್ 22ರಂದು, ಕೆನಡಾ ದೇಶದ ನೋವಾ ಸ್ಕೋಶಾ ಪ್ರಾಂತದ ಹ್ಯಾಲಿಫ್ಯಾಕ್ಸ್ ನಗರದಲ್ಲಿ. ತಂದೆ ಔಷಧ ವ್ಯಾಪಾರಿ. ಅಕೇಡಿಯಾ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1924ರಲ್ಲಿ ಹಾರ್ವರ್ಡಿನಿಂದ ವೈದ್ಯ ಪದವಿ ಪಡೆದು, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡಿದರು. 1927ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯ ಹೊಸದಾಗಿ ಕಟ್ಟುತ್ತಿದ್ದ ವೈದ್ಯಶಾಲೆಗೆ ಬಂದು ಸೇರಿದ ಮೊದಲ ಬೆರಳೆಣಿಕೆಯ ಅಧ್ಯಾಪಕರಲ್ಲಿ ಅವರೊಬ್ಬರು. ಅಲ್ಲಿನ ಶಸ್ತ್ರಚಿಕಿತ್ಸಾ ಮುಖ್ಯಸ್ಥರಾಗಿದ್ದ ಡಲ್ಲಾಸ್ ಫೆಮಿಸ್ಟರ್ ಅವರು ಈ ತರುಣನಿಗೆ ವಹಿಸಿದ್ದು ಮೂತ್ರಾಂಗಗಳ ಶಾಖೆ. ಹಗಿನ್ಸ್ ಅದನ್ನು ಬಯಸಿ ಆರಿಸಿಕೊಂಡವರಲ್ಲ. ಆ ವಿಷಯದಲ್ಲಿ ವಿಶೇಷ ಪರಿಶ್ರಮವೂ ಅವರಿಗಿರಲಿಲ್ಲ. ಪಠ್ಯಪುಸ್ತಕವನ್ನು ಹಿಡಿದು ಕುಳಿತು ಕಲಿತರು. ಶಸ್ತ್ರವೈದ್ಯರಲ್ಲಿ ಅಷ್ಟೇನೂ ಗೌರವದ ಸ್ಥಾನ ಪಡೆಯದಿದ್ದ, ಸಭ್ಯರು ಬಾಯಿಬಿಟ್ಟು ಮಾತಾಡಲು ಹಿಂಜರಿಯುತ್ತಿದ್ದ ಅಂಗಗಳ ಶಾಖೆ ಅದು. ಪಾಲಿಗೆ ಬಂದದ್ದನ್ನು ಪಂಚಾಮೃತವೆಂದು ಸ್ವೀಕರಿಸಿದ ಮನುಷ್ಯ ಆ ಪಾತ್ರೆಯ ತಳದಲ್ಲಿ ಏನಿದೆಯೆಂದು ನೋಡಲು ಹೊರಟರು.

ಅವರ ಮೊದಲ ಗಮನಾರ್ಹ ಶೋಧ ಕ್ಯಾನ್ಸರಿಗೆ ಸಂಬಂಧಪಟ್ಟದ್ದಲ್ಲ. ನಾಯಿಯ ಮೂತ್ರಕೋಶದ ಒಳಪದರದ ತುಣುಕನ್ನು ತೆಗೆದು ಅದೇ ನಾಯಿಯ ಹೊಟ್ಟೆಯ ಸ್ನಾಯುವಿನಲ್ಲಿ ನೆಟ್ಟಾಗ, ನೆಟ್ಟ ಜಾಗದಲ್ಲಿ ಎಲುಬು ಬೆಳೆಯುವುದನ್ನು ಅವರು 1931ರಲ್ಲಿ ಪ್ರಕಟಿಸಿದರು. ಎಲುಬಿಗೆ ಸಂಬಂಧವೇ ಇಲ್ಲದ ಕಡೆ ಎಲುಬು! ಒಂದು ಕೋಶದ ಬಾಳು ಅದರ ಸ್ವಭಾವದಿಂದ ಮಾತ್ರವಲ್ಲ, ನೆರೆಹೊರೆಯಿಂದಲೂ ನಿರ್ಣಯವಾಗುತ್ತದೆಂಬ ಪಾಠ ಇದರಲ್ಲಿತ್ತು. ಅದೇ ದಶಕದ ಆದಿಯಲ್ಲಿ ಅವರು ಬರ್ಲಿನ್ನಿಗೆ ಹೋಗಿ, ಕೋಶಗಳ ಉಸಿರಾಟವನ್ನು ಅಳೆದು ಖ್ಯಾತರಾಗಿದ್ದ ಆಟೋ ವಾರ್‌ಬರ್ಗ್ ಅವರ ಪ್ರಯೋಗಶಾಲೆಯನ್ನು ಕಂಡರು. ಚಾಕು ಹಿಡಿದ ವೈದ್ಯ ರಸಾಯನಶಾಸ್ತ್ರವನ್ನೂ ಕಲಿತು, ಕಂಡದ್ದನ್ನು ಅಳೆಯುವ ಅಭ್ಯಾಸ ಮಾಡಿಕೊಂಡರು. ಮುಂದಿನ ಸಾಧನೆಗೆಲ್ಲ ಈ ಅಳೆಯುವ ಅಭ್ಯಾಸವೇ ತಳಹದಿ.

1930ರ ದಶಕದ ಕೊನೆಯ ವೇಳೆಗೆ ಹಗಿನ್ಸ್ ಅವರ ಕುತೂಹಲ ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ರಸದ ಮೇಲೆ ನೆಟ್ಟಿತು. ಆ ರಸದಲ್ಲಿ ಏನೇನಿದೆ, ಎಷ್ಟೆಷ್ಟು ಸ್ರವಿಸುತ್ತದೆ, ಅದನ್ನು ಯಾವುದು ಹೆಚ್ಚಿಸುತ್ತದೆ, ಯಾವುದು ತಗ್ಗಿಸುತ್ತದೆ? ನಾಯಿಗಳಲ್ಲಿ ಈ ರಸವು ಮೂತ್ರದೊಡನೆ ಬೆರೆಯದಂತೆ ಬೇರ್ಪಡಿಸಿ, ದಿನದಿನವೂ ಸಂಗ್ರಹಿಸಿ ಅಳೆಯುವಂತಹ ಶಸ್ತ್ರಕ್ರಿಯೆಯೊಂದನ್ನು ಅವರೂ ಅವರ ಜೊತೆಗಾರರೂ ರೂಪಿಸಿ 1939ರಲ್ಲಿ ಪ್ರಕಟಿಸಿದರು. ವೃಷಣಗಳನ್ನು ತೆಗೆದರೆ ಸ್ರಾವ ನಿಲ್ಲುತ್ತಿತ್ತು. ಗಂಡು ಹಾರ್ಮೋನನ್ನು ಚುಚ್ಚಿದರೆ ಮತ್ತೆ ಹರಿಯುತ್ತಿತ್ತು. ಹೆಣ್ಣು ಹಾರ್ಮೋನನ್ನು ಕೊಟ್ಟರೆ ಮತ್ತೆ ಬತ್ತುತ್ತಿತ್ತು. ಬೀಜ ಒಡೆದ ಪ್ರಾಣಿಯಲ್ಲಿ ಪ್ರಾಸ್ಟೇಟ್ ಕುಗ್ಗುವುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಜಾನ್ ಹಂಟರ್ ಗುರುತಿಸಿದ್ದರು. ಹಗಿನ್ಸ್ ಅದನ್ನು ತೊಟ್ಟುತೊಟ್ಟಾಗಿ ಅಳೆದು ತೋರಿಸಿದರು.

ಇಲ್ಲಿ ಒಂದು ಆಕಸ್ಮಿಕ ಒದಗಿಬಂತು. ಮನುಷ್ಯನಂತೆಯೇ ನಾಯಿಗೂ ಮುಪ್ಪಿನಲ್ಲಿ ಪ್ರಾಸ್ಟೇಟ್ ಊದುವುದುಂಟು. ಪ್ರಯೋಗಕ್ಕೆ ತಂದ ನಾಯಿಗಳಲ್ಲಿ ಕೆಲವಕ್ಕೆ ಇಂತಹ ಗೆಡ್ಡೆಗಳಿದ್ದವು. ಶುದ್ಧವಾದ ಲೆಕ್ಕವನ್ನು ಬಯಸಿದ್ದವರಿಗೆ ಇದು ಮೊದಮೊದಲು ಕಿರಿಕಿರಿಯನ್ನೇ ತಂದಿತಂತೆ. ಆದರೆ ವೃಷಣ ತೆಗೆದ ಮೇಲೆ ಆ ಗೆಡ್ಡೆಗಳೂ ಕರಗುತ್ತವೆಂಬುದು ಕಣ್ಣಿಗೆ ಬಿದ್ದಾಗ, ಬೇಡವಾಗಿದ್ದ ನಾಯಿಗಳೇ ಬೇಕಾದವಾದವು. ಅಂಥವನ್ನೇ ಹುಡುಕಿ ತರಿಸತೊಡಗಿದರು. ಲೆಕ್ಕ ಕೆಡಿಸಿದ ಪ್ರಾಣಿಯನ್ನು ಹೊರಗಟ್ಟದೆ ಅದರ ಮುಂದೆ ನಿಂತು ಏಕೆ ಎಂದು ಕೇಳಿದ್ದರಲ್ಲಿ ಹಗಿನ್ಸ್ ಅವರ ಹಿರಿಮೆ ಇದೆ.

ನಾಯಿಯ ಗೆಡ್ಡೆ ನಿರಪಾಯದ ಗೆಡ್ಡೆ. ಮನುಷ್ಯನ ಕ್ಯಾನ್ಸರಿನ ಮಾತು ಬೇರೆ. ಕ್ಯಾನ್ಸರ್ ಕೋಶವು ಯಾರ ಹಂಗಿನಲ್ಲಿಯೂ ಇಲ್ಲ, ಅದು ದೇಹದ ಶಾಸನವನ್ನೆಲ್ಲ ಧಿಕ್ಕರಿಸಿದ ಸ್ವತಂತ್ರ ದಂಗೆಕೋರ ಎಂಬುದು ಅಂದಿನ ವೈದ್ಯರಲ್ಲಿ ಬೇರೂರಿದ್ದ ನಂಬಿಕೆ. ಅದನ್ನು ಕತ್ತರಿಸಬೇಕು ಇಲ್ಲವೆ ವಿಕಿರಣದಿಂದ ಸುಡಬೇಕು. ಮೂರನೆಯ ದಾರಿ ಇಲ್ಲ. ಗ್ಲಾಸ್ಗೋ ನಗರದ ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯರು ಸ್ತನದ ಕ್ಯಾನ್ಸರಿನಿಂದ ನರಳುತ್ತಿದ್ದ ಹೆಂಗಸಿನ ಅಂಡಾಶಯಗಳನ್ನು ತೆಗೆದಾಗ ಗೆಡ್ಡೆ ಕುಗ್ಗಿದುದನ್ನು 1896ರಲ್ಲಿಯೇ ವರದಿ ಮಾಡಿದ್ದರು. ಆದರೆ ಹಾರ್ಮೋನು ಎಂಬ ಶಬ್ದವೇ ಹುಟ್ಟಿರದ ಕಾಲ ಅದು. ಏಕೆ ಕುಗ್ಗಿತೆಂದು ಹೇಳುವ ಶಾಸ್ತ್ರವಿರಲಿಲ್ಲ. ಅಪವಾದವಾಗಿ ಅದು ಮೂಲೆಯಲ್ಲಿ ಉಳಿಯಿತು.

ಹಗಿನ್ಸ್ ಅವರ ಕೈಯಲ್ಲಿ ಈಗ ಒಂದು ಅಳತೆಗೋಲು ಇತ್ತು. ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಪ್ರಾಸ್ಟೇಟಿನಲ್ಲಿ ಹೇರಳವಾಗಿರುವುದನ್ನೂ, ಎಲುಬಿಗೆ ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳ ರಕ್ತದಲ್ಲಿ ಅದು ಏರಿರುವುದನ್ನೂ 1930ರ ದಶಕದಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದ್ದರು. ಇದರ ಅರ್ಥವನ್ನು ಸ್ವಲ್ಪ ನಿಂತು ನೋಡಬೇಕು. ಗ್ರಂಥಿಯನ್ನು ಬಿಟ್ಟು ಓಡಿ, ದೂರದ ಎಲುಬಿನಲ್ಲಿ ಕಳ್ಳಬೀಡು ಬಿಟ್ಟ ಕೋಶ ಅಲ್ಲಿಯೂ ತನ್ನ ಹುಟ್ಟುಮನೆಯ ಕಸುಬನ್ನು ಬಿಟ್ಟಿಲ್ಲ! ಗ್ರಂಥಿಯಲ್ಲಿದ್ದಾಗ ಯಾವ ಕಿಣ್ವವನ್ನು ತಯಾರಿಸುತ್ತಿತ್ತೋ ಅದನ್ನೇ ಎಲುಬಿನಲ್ಲಿ ಕುಳಿತೂ ತಯಾರಿಸುತ್ತಿದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಹಾಗಾದರೆ ತಾಯಿಕೋಶಕ್ಕೆ ಯಾವುದು ಅನ್ನವೋ ಅದೇ ಈ ದಾರಿತಪ್ಪಿದ ಮಗಳಿಗೂ ಅನ್ನವಾಗಿರಬೇಕಲ್ಲವೆ? ಆ ಅನ್ನವನ್ನು ತಪ್ಪಿಸಿದರೆ?

1940ರ ಸುಮಾರಿಗೆ ಹಗಿನ್ಸ್ ಅವರು ತಮ್ಮ ಶಿಷ್ಯ ಕ್ಲಾರೆನ್ಸ್ ಹಾಜಸ್ ಅವರೊಡನೆ ಈ ಪ್ರಶ್ನೆಯನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ಎಲುಬಿಗೆ ಹಬ್ಬಿ, ಬೇರಾವ ಚಿಕಿತ್ಸೆಯೂ ಉಳಿಯದಿದ್ದ ರೋಗಿಗಳಿಗೆ ವೃಷಣಗಳನ್ನು ತೆಗೆಯುವ ಶಸ್ತ್ರಕ್ರಿಯೆ ಮಾಡಿದರು. ಕೆಲವರಿಗೆ ಹೆಣ್ಣು ಹಾರ್ಮೋನನ್ನು ಕೊಟ್ಟರು. ರಕ್ತದಲ್ಲಿದ್ದ ಕಿಣ್ವದ ಮಟ್ಟ ಇಳಿಯಿತು. ಗಂಡು ಹಾರ್ಮೋನನ್ನು ಚುಚ್ಚಿದಾಗ ಏರಿತು. ಹಾಸಿಗೆ ಹಿಡಿದಿದ್ದವರಲ್ಲಿ ಹಲವರ ಎಲುಬಿನ ನೋವು ಕೆಲವೇ ದಿನಗಳಲ್ಲಿ ತಗ್ಗಿತು, ಹಸಿವು ಮರಳಿತು. ಕಿಣ್ವದ ಇಳಿತವನ್ನು ಮೊದಲು ಕಂಡ ರಾತ್ರಿ ಹಗಿನ್ಸ್ ಮನೆಗೆ ನಡೆದುಹೋಗುವಾಗ ಎದೆಬಡಿತ ತಾಳಲಾರದೆ ದಾರಿಯಲ್ಲಿ ಎರಡು ಮೂರು ಕಡೆ ಕುಳಿತು ಸುಧಾರಿಸಿಕೊಂಡರಂತೆ. ಮನೆ ಒಂದು ಮೈಲಿಯಷ್ಟು ದೂರವಿತ್ತು. 1941ರಲ್ಲಿ ‘ಕ್ಯಾನ್ಸರ್ ರಿಸರ್ಚ್’ ಪತ್ರಿಕೆಯ ಮೊದಲ ಸಂಪುಟದಲ್ಲಿ ಈ ಪ್ರಬಂಧ ಅಚ್ಚಾಯಿತು. ಮೊದಲ ತಂಡದಲ್ಲಿ ಶಸ್ತ್ರಕ್ರಿಯೆಗೆ ಒಳಗಾದ 21 ಮಂದಿಯಲ್ಲಿ 4 ಮಂದಿ ಹನ್ನೆರಡು ವರ್ಷಕ್ಕೂ ಮೀರಿ ಬದುಕಿದರು. ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಅವರೆಲ್ಲ ಕೈಚೆಲ್ಲಿದ ರೋಗಿಗಳೆಂಬುದನ್ನು ಮರೆಯಬಾರದು.

ಈ ಪ್ರಯೋಗದಿಂದ ಒಂದು ಚಿಕಿತ್ಸೆ ದೊರೆತದ್ದು ದೊಡ್ಡದು; ಒಂದು ನಂಬಿಕೆ ಮುರಿದದ್ದು ಅದಕ್ಕಿಂತ ದೊಡ್ಡದು. ಕ್ಯಾನ್ಸರ್ ಕೋಶ ಪೂರ್ಣ ಸ್ವತಂತ್ರವಲ್ಲ. ಕನಿಷ್ಠ ಕೆಲವು ಕ್ಯಾನ್ಸರುಗಳಲ್ಲಿ ಅದು ತಾನು ಹುಟ್ಟಿದ ಅಂಗಾಂಶದ ಸ್ವಭಾವವನ್ನೂ ಅವಲಂಬನೆಯನ್ನೂ ಉಳಿಸಿಕೊಂಡಿರುತ್ತದೆ. ಅದು ಹೊರಗಿನಿಂದ ಬಂದ ಕಳ್ಳನಲ್ಲ. ಮನೆಯಲ್ಲಿಯೇ ಹುಟ್ಟಿ ಹಾದಿಗೆಟ್ಟ ಮಗು. ಆದ್ದರಿಂದ ಅದರ ಹುಟ್ಟನ್ನು ಬಲ್ಲವನಿಗೆ ಅದರ ದೌರ್ಬಲ್ಯವೂ ತಿಳಿಯುತ್ತದೆ. ಹುಟ್ಟಿನ ಪ್ರಶ್ನೆ ಹೀಗೆ ಚಿಕಿತ್ಸೆಯ ಪ್ರಶ್ನೆಯೂ ಆಯಿತು.

ಈ ಚಿಕಿತ್ಸೆಗೆ ತೆರಬೇಕಾದ ಬೆಲೆಯನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಹೋರಿಯ ಬೀಜ ಒಡೆದು ಎತ್ತು ಮಾಡುವುದನ್ನು ಕಂಡ ನಮ್ಮ ರೈತನಿಗೆ ಗಂಡು ಹಾರ್ಮೋನಿನ ಮಹಿಮೆಯನ್ನು ಯಾರೂ ವಿವರಿಸಬೇಕಾಗಿಲ್ಲ. ರೋಗಿಯಾದ ಗಂಡಸು ತನ್ನ ಗಂಡಸುತನವೆಂದು ಬಗೆದದ್ದನ್ನೇ ಒಪ್ಪಿಸಿ, ಬದಲಿಗೆ ಕೆಲವು ವರ್ಷಗಳ ನೋವಿಲ್ಲದ ಬದುಕನ್ನು ಕೊಳ್ಳಬೇಕಾಗಿತ್ತು. ಮೈ ಬಿಸಿಯೇರುವುದು, ಎಲುಬು ಸವೆಯುವುದು, ಮಾಂಸಖಂಡ ಕ್ಷಯಿಸುವುದು, ಮನಸ್ಸು ಕುಂದುವುದು ಇವೆಲ್ಲ ಜೊತೆಗೆ ಬರುತ್ತಿದ್ದವು. ಚಾಕುವಿನ ಬದಲು ಹೆಣ್ಣು ಹಾರ್ಮೋನಿನ ಗುಳಿಗೆ ಕೊಟ್ಟರೆ ಸುಲಭವೆಂದು ಬಹುಕಾಲ ತಿಳಿದಿದ್ದರು. ದಿನಕ್ಕೆ 5 ಮಿಲಿಗ್ರಾಂ ಪ್ರಮಾಣದಲ್ಲಿ ಅದನ್ನು ಸೇವಿಸಿದವರಲ್ಲಿ ಹೃದಯ ಹಾಗೂ ರಕ್ತನಾಳಗಳ ರೋಗದಿಂದ ಸಾಯುವವರು ಹೆಚ್ಚೆಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 1967ರಲ್ಲಿ ತೋರಿಸಿತು. ಆಮೇಲೆ ಮಿದುಳಿನಿಂದ ಪಿಟ್ಯುಟರಿ ಗ್ರಂಥಿಗೆ ಹೋಗುವ ಆಜ್ಞೆಯ ಅಣುವನ್ನು ಆಂಡ್ರ್ಯೂ ಶಾಲಿ ಅವರ ಪ್ರಯೋಗಶಾಲೆ 1971ರಲ್ಲಿ ಬಿಡಿಸಿ ತೋರಿಸಿತು. ಅದನ್ನು ಅನುಕರಿಸುವ ಚುಚ್ಚುಮದ್ದುಗಳು 1980ರ ದಶಕದಲ್ಲಿ ಬಳಕೆಗೆ ಬಂದವು. ಇಂದು ಅನೇಕ ರೋಗಿಗಳಿಗೆ ಶಸ್ತ್ರಕ್ರಿಯೆಯಿಲ್ಲದೆಯೇ ಅದೇ ಪರಿಣಾಮ ದೊರೆಯುತ್ತದೆ. ಸಾಧನ ಬದಲಾಯಿತು, ತತ್ತ್ವ 1941ರದ್ದೇ.

ಬೆಲೆಗಿಂತ ಕಠಿಣವಾದ ಸಂಗತಿ ಇನ್ನೊಂದುಂಟು. ಹೀಗೆ ಕುಗ್ಗಿದ ಕ್ಯಾನ್ಸರ್ ಬಹುತೇಕ ರೋಗಿಗಳಲ್ಲಿ ಕೆಲವು ತಿಂಗಳು ಅಥವಾ ವರ್ಷಗಳ ತರುವಾಯ ಮರಳಿ ತಲೆಯೆತ್ತುತ್ತದೆ. ಅನ್ನ ತಪ್ಪಿಸಿದರೂ ಅದು ಬೆಳೆಯುತ್ತದೆ. ಹಗಿನ್ಸ್ ಇದನ್ನು ಬೇಗನೆ ಕಂಡುಕೊಂಡರು. ವೃಷಣವಲ್ಲದೆ ಇನ್ನೆಲ್ಲಿಂದಲೋ ಅದಕ್ಕೆ ಹಾರ್ಮೋನು ದೊರೆಯುತ್ತಿರಬೇಕೆಂದು ಊಹಿಸಿ, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನೂ ತೆಗೆಯುವ ಪ್ರಯತ್ನವನ್ನು ವಿಲಿಯಂ ಸ್ಕಾಟ್ ಅವರೊಡನೆ ಮಾಡಿ 1945ರಲ್ಲಿ ಪ್ರಕಟಿಸಿದರು. ಅದು ಸೋತಿತು. ಅಡ್ರಿನಲ್ ಇಲ್ಲದೆ ದೇಹ ನಿಲ್ಲದು. ಅದರ ಕೊರತೆಯನ್ನು ತುಂಬುವ ಕಾರ್ಟಿಸೋನ್ ಆಗ ವೈದ್ಯರ ಕೈಗೆ ಬಂದಿರಲಿಲ್ಲ. ಅದು ಬಂದ ಮೇಲೆ, 1950ರ ದಶಕದ ಆದಿಯಲ್ಲಿ, ಮುಂದುವರಿದ ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ಅದೇ ಶಸ್ತ್ರಕ್ರಿಯೆಯನ್ನು ಮಾಡಿ ಕೆಲವರಿಗೆ ಉಪಶಮನ ನೀಡಿದರು. ಆ ಹಳೆಯ ಊಹೆಯ ಉತ್ತರಾರ್ಧ ತೀರ ಈಚಿನದು. ಅಡ್ರಿನಲ್ಲಿನಲ್ಲಿಯೂ ಸ್ವತಃ ಗೆಡ್ಡೆಯೊಳಗೂ ಗಂಡು ಹಾರ್ಮೋನು ತಯಾರಾಗದಂತೆ ತಡೆಯುವ ಅಬಿರಾಟೆರೋನ್ ಎಂಬ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1945ರಲ್ಲಿ ಚಾಕುವಿಗೆ ಸಾಧ್ಯವಾಗದ್ದು ಅರವತ್ತಾರು ವರ್ಷಗಳ ಮೇಲೆ ಗುಳಿಗೆಗೆ ಸಾಧ್ಯವಾಯಿತು. ಮರಳಿ ಬಂದ ಕ್ಯಾನ್ಸರಿನಲ್ಲಿಯೂ ಬಹುಮಟ್ಟಿಗೆ ಹಳೆಯ ಹಸಿವೇ ಇರುತ್ತದೆ. ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು, ಎಲೆಯಂಚಿನಲ್ಲಿ ಉಳಿದ ಅಗುಳಿನಿಂದಲೇ ಅದು ಹೊಟ್ಟೆ ಹೊರೆಯುತ್ತದೆ. ಇದೇ ಗ್ರಾಹಕವನ್ನು ಹಾರ್ಮೋನಿಗೆ ಸಿಗದಂತೆ ಮುಚ್ಚುವ ಔಷಧಗಳೂ ಇಂದು ಬಳಕೆಯಲ್ಲಿವೆ.

ಮೊಬೈಲ್ ನಗರದ ಬೆನ್ ಮೇ ಎಂಬ ವರ್ತಕರ ನೆರವಿನಿಂದ 1951ರಲ್ಲಿ ಶಿಕಾಗೋದಲ್ಲಿ ಒಂದು ಕ್ಯಾನ್ಸರ್ ಸಂಶೋಧನಾಲಯ ಸ್ಥಾಪನೆಯಾಯಿತು. 1969ರವರೆಗೆ ಹಗಿನ್ಸ್ ಅದರ ನಿರ್ದೇಶಕರಾಗಿದ್ದರು. ದೊಡ್ಡ ಸಮಿತಿಗಳಲ್ಲಿ ಅವರಿಗೆ ಒಲವಿರಲಿಲ್ಲ. ಚಿಕ್ಕ ತಂಡವನ್ನು ಇಟ್ಟುಕೊಂಡು ತಾವೇ ಬೆಂಚಿನ ಮುಂದೆ ನಿಂತು ಕೆಲಸ ಮಾಡಿದರು. ಆ ಸಂಶೋಧನಾಲಯದಲ್ಲಿಯೇ ಎಲ್‌ವುಡ್ ಜೆನ್ಸನ್ ಅವರು ಹೆಣ್ಣು ಹಾರ್ಮೋನಿನ ಗ್ರಾಹಕವನ್ನು ಗುರುತಿಸಿದರು. ಇಂದು ಸ್ತನ ಕ್ಯಾನ್ಸರಿನ ಪ್ರತಿಯೊಂದು ಪರೀಕ್ಷೆಯಲ್ಲಿಯೂ ಅದರ ಮಾತು ಬರುತ್ತದೆ. 1966ರಲ್ಲಿ ಹಗಿನ್ಸ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅದನ್ನು ಹಂಚಿಕೊಂಡವರು ಪೇಟನ್ ರೌಸ್. ಕೋಳಿಯ ಗೆಡ್ಡೆಯೊಂದು ವೈರಸ್ಸಿನಿಂದ ಬರುತ್ತದೆಂದು ರೌಸ್ ಅವರು 1911ರಲ್ಲಿ ತೋರಿಸಿದ್ದರು. ಐವತ್ತೈದು ವರ್ಷ ಕಾದು, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಪಾರಿತೋಷಕವನ್ನು ಪಡೆದರು. ಹೊರಗಿನಿಂದ ಬರುವ ಪ್ರಚೋದನೆಯನ್ನು ಕಂಡವರೊಬ್ಬರು, ಒಳಗಿನ ಹಂಗನ್ನು ಕಂಡವರೊಬ್ಬರು ಒಂದೇ ವೇದಿಕೆಯಲ್ಲಿ ನಿಂತದ್ದು ಉಚಿತವಾಗಿಯೇ ಇತ್ತು. ಹಗಿನ್ಸ್ 1997ರ ಜನವರಿಯಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತೈದು ವರ್ಷ.

ಮೂಲದ ಪ್ರಶ್ನೆ ಅವರೊಡನೆ ಮುಗಿಯಲಿಲ್ಲ. ಇನ್ನೂ ಆಳಕ್ಕೆ ಇಳಿಯಿತು. ಹಗಿನ್ಸ್ ಕೇಳಿದ್ದು ಯಾವ ಅಂಗಾಂಶ ಎಂದು. ಮುಂದಿನವರು ಕೇಳಿದ್ದು ಆ ಅಂಗಾಂಶದಲ್ಲಿ ಯಾವ ಕೋಶ ಎಂದು. ಪ್ರಾಸ್ಟೇಟಿನ ಕಿರುನಾಳಗಳ ಗೋಡೆಯಲ್ಲಿ ಕೋಶಗಳ ಎರಡು ಸಾಲುಗಳಿವೆ. ಒಳಸಾಲಿನ ಕೋಶಗಳು ದುಡಿಯುವವು. ರಸವನ್ನು ಸ್ರವಿಸುವವು ಇವೇ. ಕೆಳಗೆ ತಳದ ಪೊರೆಗೆ ಅಂಟಿಕೊಂಡ ತಳಸಾಲಿನ ಕೋಶಗಳು ಸದ್ದಿಲ್ಲದವು. ಗಂಡು ಹಾರ್ಮೋನು ತಪ್ಪಿದಾಗ ಒಳಸಾಲಿನ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ತಳಸಾಲು ಹೆಚ್ಚುಕಡಿಮೆ ಉಳಿಯುತ್ತದೆ. ಇಲಿಯಲ್ಲಿ ಹಾರ್ಮೋನನ್ನು ತಪ್ಪಿಸಿ ಗ್ರಂಥಿಯನ್ನು ಕುಗ್ಗಿಸಬಹುದು, ಮರಳಿ ಕೊಟ್ಟು ಬೆಳೆಸಬಹುದು. ಹೀಗೆ ಹಲವು ಸಲ ಮಾಡಿದರೂ ಗ್ರಂಥಿ ಮತ್ತೆ ಚಿಗುರುತ್ತದೆ. ಬೇಸಗೆಯಲ್ಲಿ ಒಣಗಿದ ಗರಿಕೆ ಮೊದಲ ಮಳೆಗೆ ಹಸುರಾಗುವುದನ್ನು ಕಂಡವರಿಗೆ ಇದರ ಅರ್ಥ ಹೊಳೆಯುತ್ತದೆ. ಮೇಲೆ ಒಣಗಿದರೂ ಕೆಳಗೆ ಬೇರು ಬದುಕಿದೆ. ಹಾರ್ಮೋನಿಲ್ಲದೆಯೂ ಬಾಳಬಲ್ಲ ಆ ಬೇರುಕೋಶ ಯಾವುದು? ಕ್ಯಾನ್ಸರ್ ಹುಟ್ಟುವುದು ಅಲ್ಲಿಯೋ?

ಪ್ರಾಸ್ಟೇಟ್ ಕ್ಯಾನ್ಸರ್ ನೋಡಲು ಒಳಸಾಲಿನ ಕೋಶಗಳಂತೆಯೇ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ತಳಸಾಲು ಕಾಣೆಯಾಗಿರುವುದೇ ಕ್ಯಾನ್ಸರಿನ ಒಂದು ಗುರುತು. ಆದ್ದರಿಂದ ಒಳಸಾಲೇ ಮೂಲವೆಂದು ಬಹಳ ಮಂದಿ ತಿಳಿದಿದ್ದರು. ಹಾರ್ಮೋನು ತಪ್ಪಿದರೂ ಸಾಯದೆ ಉಳಿದ, ಒಳಸಾಲಿಗೇ ಸೇರಿದ ಅಪರೂಪದ ಕೋಶಗಳು ಗ್ರಂಥಿಯನ್ನು ಮತ್ತೆ ಕಟ್ಟಬಲ್ಲವು, ಕ್ಯಾನ್ಸರಿಗೂ ಮೂಲವಾಗಬಲ್ಲವು ಎಂಬುದನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮೈಕೇಲ್ ಶೆನ್ ಅವರ ತಂಡ 2009ರಲ್ಲಿ ಇಲಿಗಳಲ್ಲಿ ತೋರಿಸಿತು. ಮರುವರ್ಷವೇ, ವೈದ್ಯವಿಜ್ಞಾನಿ ಓವನ್ ವಿಟ್ಟೆ ಅವರ ಲಾಸ್ ಏಂಜಲೀಸ್ ಪ್ರಯೋಗಶಾಲೆಯಿಂದ ಎದುರು ಸಾಕ್ಷ್ಯ ಬಂತು. ಮನುಷ್ಯನ ಪ್ರಾಸ್ಟೇಟಿನ ಆರೋಗ್ಯವಂತ ಭಾಗದಿಂದ ಎರಡೂ ಸಾಲಿನ ಕೋಶಗಳನ್ನು ಬೇರ್ಪಡಿಸಿ, ಕ್ಯಾನ್ಸರಿಗೆ ಕಾರಣವಾಗುವ ಜೀನುಗಳನ್ನು ಅವುಗಳೊಳಗೆ ಸೇರಿಸಿ, ರೋಗನಿರೋಧಶಕ್ತಿಯಿಲ್ಲದ ಇಲಿಗಳಲ್ಲಿ ನೆಟ್ಟು ನೋಡಿದಾಗ, ತಳಸಾಲಿನ ಕೋಶಗಳಿಂದಲೇ ಕ್ಯಾನ್ಸರ್ ಬೆಳೆಯಿತು. ಬೆಳೆದ ಮೇಲೆ ಒಳಸಾಲಿನ ರೂಪವನ್ನು ತಳೆಯಿತು. ರೂಪವನ್ನು ಕಂಡು ಕುಲವನ್ನು ನಿರ್ಣಯಿಸಬಾರದೆಂಬುದಕ್ಕೆ ಇದೊಂದು ನಿದರ್ಶನ. ಎರಡು ಸಾಲುಗಳಿಂದಲೂ ಕ್ಯಾನ್ಸರ್ ಹುಟ್ಟಬಲ್ಲದೆಂಬುದು ಈ ಬಗೆಯ ಪ್ರಯೋಗಗಳ ಒಟ್ಟು ಇಂಗಿತ.

ಮೂತ್ರಕೋಶದ ಕಥೆಯೂ ಹೀಗೆಯೇ ಸಾಗಿತು. ಇಲ್ಲಿ ಮೊದಲ ಸುಳಿವು ದೊರೆತದ್ದು ಕಾರ್ಖಾನೆಗಳಿಂದ. ಫ್ರಾಂಕ್‌ಫರ್ಟ್ ನಗರದ ಶಸ್ತ್ರವೈದ್ಯ ಲುಡ್ವಿಗ್ ರೇನ್ ಅವರು ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಕಂಡು 1895ರಲ್ಲಿ ವರದಿ ಮಾಡಿದರು. ಬಣ್ಣದ ತಯಾರಿಕೆಗೆ ಬಳಸುವ ನ್ಯಾಫ್ತಿಲಮೀನ್ ಎಂಬ ವಸ್ತುವನ್ನು ನಾಯಿಗಳಿಗೆ ಕೊಟ್ಟಾಗ ಮೂತ್ರಕೋಶದ ಕ್ಯಾನ್ಸರ್ ಬರುವುದನ್ನು ವಿಲ್ಹೆಲ್ಮ್ ಹ್ಯೂಪರ್ ಮತ್ತವರ ಜೊತೆಗಾರರು 1938ರಲ್ಲಿ ತೋರಿಸಿದರು. ದೇಹ ಹೊರಗೆ ಹಾಕಬೇಕೆಂದು ಸೋಸಿದ ವಿಷ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ತಂಗುತ್ತದೆ. ತಂಗಿದ ಮನೆಯನ್ನೇ ಸುಡುತ್ತದೆ. ಇಂದು ಈ ರೋಗದ ಅತಿ ದೊಡ್ಡ ಕಾರಣ ತಂಬಾಕಿನ ಹೊಗೆ. ಪುಪ್ಪುಸಕ್ಕೆ ಎಳೆದ ಹೊಗೆಯ ವಿಷ ರಕ್ತದ ಮೂಲಕ ಮೂತ್ರಕ್ಕೆ ಇಳಿಯುತ್ತದೆಂಬುದನ್ನು ಧೂಮಪಾನಿಗಳು ನೆನೆಯುವುದು ಕಡಮೆ. ಈ ಗೋಡೆಯಲ್ಲಿಯೂ ತಳಸಾಲಿನ ಕೋಶಗಳಿವೆ. ಇಲಿಗಳಿಗೆ ಕ್ಯಾನ್ಸರ್‌ಕಾರಕವನ್ನು ಕುಡಿಸಿ ನಡೆಸಿದ ಪ್ರಯೋಗಗಳಲ್ಲಿ, ಸ್ನಾಯುವಿನೊಳಕ್ಕೆ ನುಗ್ಗುವ ಉಗ್ರವಾದ ಕ್ಯಾನ್ಸರ್ ತಳಸಾಲಿನ ಕೋಶಗಳಿಂದ ಹುಟ್ಟುವುದನ್ನು 2014ರಲ್ಲಿ ಫಿಲಿಪ್ ಬೀಚಿ ಅವರ ತಂಡ ಗುರುತಿಸಿತು. ಬೇರೆ ಬೇರೆ ಬಗೆಯ ಮೂತ್ರಕೋಶದ ಕ್ಯಾನ್ಸರುಗಳಿಗೆ ಬೇರೆ ಬೇರೆ ಕೋಶಗಳು ಮೂಲವಾಗಬಹುದೆಂದು ಅದೇ ವರ್ಷ ಕ್ಯಾಥಿ ಮೆಂಡಲ್‌ಸನ್ ಅವರ ತಂಡ ಸೂಚಿಸಿತು.

ಮೂತ್ರಪಿಂಡದ ಸಂಗತಿ ಇನ್ನೂ ಹೃದಯಸ್ಪರ್ಶಿಯಾದುದು. ಎಳೆಯ ಮಕ್ಕಳಿಗೆ ಬರುವ ವಿಲ್ಮ್ಸ್ ಗೆಡ್ಡೆ ಎಂಬ ಮೂತ್ರಪಿಂಡದ ಕ್ಯಾನ್ಸರ್ ಒಂದುಂಟು. ಕೇಂಬ್ರಿಡ್ಜ್ ಬಳಿಯ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹಯೋಗಿಗಳೂ ಒಂದೊಂದು ಕೋಶದಲ್ಲಿಯೂ ಯಾವ ಯಾವ ಜೀನುಗಳು ಎಚ್ಚೆತ್ತಿವೆಯೆಂದು ಪ್ರತ್ಯೇಕವಾಗಿ ಓದುವ ಹೊಸ ವಿಧಾನದಿಂದ ಈ ಗೆಡ್ಡೆಯನ್ನು ಪರಿಶೀಲಿಸಿದರು. ಅದರ ಕೋಶಗಳು ಭ್ರೂಣದ ಮೂತ್ರಪಿಂಡದ ಕೋಶಗಳನ್ನು ಹೋಲುತ್ತವೆಂದು 2018ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿ ಬೆಳೆದು ಪ್ರಬುದ್ಧವಾಗಬೇಕಾಗಿದ್ದ ಕೋಶ, ಮಗು ಹುಟ್ಟಿದ ಮೇಲೂ ಬಾಲ್ಯವನ್ನು ದಾಟದೆ ನಿಂತುಬಿಟ್ಟಿದೆ ಎಂದು ಇದನ್ನು ಅರ್ಥಮಾಡಬಹುದು. ದೊಡ್ಡವರ ಮೂತ್ರಪಿಂಡದ ಸಾಮಾನ್ಯ ಕ್ಯಾನ್ಸರಾದರೋ, ಸೋಸಿದ ನೀರಿನಿಂದ ಬೇಕಾದುದನ್ನು ಮರಳಿ ಹೀರುವ ನಾಳದ ಒಂದು ವಿಶಿಷ್ಟ ಬಗೆಯ ಕೋಶವನ್ನು ಹೋಲುತ್ತದೆಂದು ಅದೇ ಅಧ್ಯಯನ ತಿಳಿಸಿತು. ಅಂಗ ಒಂದೇ, ಹೆಸರು ಒಂದೇ. ಆದರೆ ಮಗುವಿನ ರೋಗದ ಹುಟ್ಟುಮನೆ ಬೇರೆ, ಮುದುಕನ ರೋಗದ ಹುಟ್ಟುಮನೆ ಬೇರೆ. ಎರಡಕ್ಕೂ ಒಂದೇ ಮದ್ದು ಒಪ್ಪದಿರುವುದರಲ್ಲಿ ಏನು ಆಶ್ಚರ್ಯ?

ಇದೆಲ್ಲ ಪ್ರಯೋಗಶಾಲೆಯ ಪಾಂಡಿತ್ಯ, ನಮಗೇನು ಎಂದು ಕೇಳಬಹುದು. ಉತ್ತರ ನೇರವಾಗಿದೆ. ಇಂದು ಪ್ರಾಸ್ಟೇಟ್ ರೋಗದ ಶಂಕೆ ಬಂದಾಗ ವೈದ್ಯರು ಮಾಡಿಸುವ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ನಿಂತಿರುವುದು ಇದೇ ತತ್ತ್ವದ ಮೇಲೆ. ಅದು ಅಳೆಯುವುದು ಪ್ರಾಸ್ಟೇಟ್ ಕೋಶ ತಯಾರಿಸುವ ಒಂದು ಪ್ರೋಟೀನನ್ನು; ಎಲ್ಲಿಗೆ ಓಡಿಹೋದರೂ ಕೋಶ ಬಹುಮಟ್ಟಿಗೆ ಬಿಡದ ಆ ಹಳೆಯ ಕಸುಬನ್ನು. ಆ ಅಂಕೆ ಏರಿದ ಮಾತ್ರಕ್ಕೆ ಕ್ಯಾನ್ಸರೆಂದು ಅರ್ಥವಲ್ಲ. ನಿರಪಾಯದ ಊತದಲ್ಲಿಯೂ, ಸೋಂಕಿನಲ್ಲಿಯೂ ಅದು ಏರುತ್ತದೆ. ಕ್ಯಾನ್ಸರೇ ಆದರೂ ವೃದ್ಧರಲ್ಲಿ ಎಷ್ಟೋ ವೇಳೆ ಅದು ಬಹಳ ನಿಧಾನವಾಗಿ ಬೆಳೆಯುತ್ತದೆ. ಅಂತಹವನ್ನು ಕೂಡಲೇ ಕತ್ತರಿಸದೆ ಎಚ್ಚರದಿಂದ ಕಾಯುವುದೂ ಚಿಕಿತ್ಸೆಯ ಒಂದು ಕ್ರಮ. ಇವನ್ನೆಲ್ಲ ತೂಗಿ ನೋಡಬೇಕಾದವರು ವೈದ್ಯರು. ಅವರ ಬಳಿಗೆ ಹೋಗಬೇಕಾದವರು ಮಾತ್ರ ನಾವು.

ನಮ್ಮ ಹಿರಿಯರಲ್ಲಿ ಈ ಹೋಗುವಿಕೆಯೇ ಕಷ್ಟ. ಮೂತ್ರದ ತೊಂದರೆಯನ್ನು ಹೆಂಡತಿಗೂ ಹೇಳದೆ, ಮಗನಿಗೂ ಹೇಳದೆ, ವಯಸ್ಸಾಯಿತಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ವರ್ಷಗಳನ್ನು ನೂಕುವವರು ಎಷ್ಟು ಮಂದಿ! ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಾಣಿಸಿಕೊಂಡು ಎರಡು ದಿನಗಳಲ್ಲಿ ತಾನಾಗಿಯೇ ನಿಂತರೆ, ಉಷ್ಣವಾಗಿತ್ತು, ಎಳನೀರು ಕುಡಿದೆ, ಹೋಯಿತು ಎನ್ನುತ್ತಾರೆ. ನೋವಿಲ್ಲದ ಈ ರಕ್ತವೇ ಮೂತ್ರಕೋಶದ ಕ್ಯಾನ್ಸರಿನ ಮೊದಲ ಕರೆಯಾಗಿರುವುದು ಅಪರೂಪವಲ್ಲ. ಅದು ನಿಂತದ್ದು ರೋಗ ಹೋಯಿತೆಂಬುದಕ್ಕೆ ಪ್ರಮಾಣವಾಗದು. ಮೊದಲ ಹಂತದಲ್ಲಿ ಕಂಡರೆ ಈ ರೋಗಗಳಲ್ಲಿ ಬಹುಭಾಗ ಚಿಕಿತ್ಸೆಗೆ ಬಗ್ಗುತ್ತವೆ. ನಾಚಿಕೆ ಒಂದು ಒಳ್ಳೆಯ ಗುಣವೇ ಇರಬಹುದು; ಆದರೆ ಪ್ರಾಣವನ್ನು ಅದಕ್ಕೆ ಅಡವಿಡಬೇಕಾಗಿಲ್ಲ.

ಸಭ್ಯರು ಮಾತಾಡದ ಅಂಗಗಳ ಶಾಖೆ ತಮ್ಮ ಪಾಲಿಗೆ ಬಂದಾಗ ಹಗಿನ್ಸ್ ಮುಖ ತಿರುಗಿಸಿದ್ದರೆ, ಎಲುಬಿನ ನೋವಿನಿಂದ ಕೂಗುತ್ತಿದ್ದ ಎಷ್ಟೋ ಮುದುಕರ ಕೊನೆಯ ವರ್ಷಗಳು ಬೇರೆಯೇ ಆಗಿರುತ್ತಿದ್ದವು. ಅವರ ಚಿಕಿತ್ಸೆ ರೋಗವನ್ನು ಬುಡಸಹಿತ ಕೀಳಲಿಲ್ಲ, ನಿಜ. ಆದರೆ ಬುಡ ಎಲ್ಲಿದೆಯೆಂದು ಹುಡುಕುವವರಿಗೆ ಯಾವ ಕಡೆ ಅಗೆಯಬೇಕೆಂದು ತೋರಿಸಿತು. ಇಂದು ಒಂದೊಂದು ಕೋಶದ ಜಾತಕವನ್ನು ಬಿಡಿಬಿಡಿಯಾಗಿ ಓದುತ್ತಿರುವ ತರುಣ ವಿಜ್ಞಾನಿಗಳು ಅದೇ ಗುಂಡಿಯನ್ನು ಇನ್ನೂ ಆಳವಾಗಿ ತೋಡುತ್ತಿದ್ದಾರೆ.